ತಿಮಿಂಗಿಲಗಳ ದನಿ ಮತ್ತು ಕೇಳುಗರ ಚರಿತ್ರೆ

ತಿಮಿಂಗಿಲಗಳ ದನಿಯನ್ನು ಆಲಿಸುವ ಕಸುಬು ಬೇಟೆಗಾರರಿಂದ ನೌಕಾಪಡೆಗೂ ನೌಕಾಪಡೆಯಿಂದ ಜೀವವಿಜ್ಞಾನಿಗಳಿಗೂ ದಾಟಿಬಂದದ್ದು. ಬೇಟೆಗಾರನಿಗೆ ಆ ದನಿ ಹೆಚ್ಚೆಂದರೆ ಎಣ್ಣೆಯ ಸುಳಿವಾಗಿತ್ತು. ನೌಕಾಪಡೆಗೆ ಅದು ಶತ್ರುವಿನ ಜಲಾಂತರ್ಗಾಮಿಯ ಸದ್ದನ್ನು ಮುಚ್ಚಿಹಾಕುವ ಗದ್ದಲವಾಗಿತ್ತು. ಆ ಗದ್ದಲದೊಳಗೆ ಬೇರೆ ಬೇರೆ ಬಗೆಯ ಕರೆಗಳಿರಬಹುದು, ಒಂದೊಂದಕ್ಕೂ ಒಂದೊಂದು ಉದ್ದೇಶವಿರಬಹುದು ಎಂಬುದು ಶಾಸ್ತ್ರೀಯ ಪ್ರಶ್ನೆಯ ರೂಪ ಪಡೆದದ್ದು ಇಪ್ಪತ್ತನೆಯ ಶತಮಾನದ ನಡುಭಾಗ ಕಳೆದ ಮೇಲೆ. ಈ ಚರಿತ್ರೆಯನ್ನು ಒಟ್ಟಾಗಿ ನೋಡಿದಾಗ ಧ್ವನಿಮುದ್ರಣಗಳ ರಾಶಿ ಬೆಳೆದ ಮಾತ್ರಕ್ಕೆ ಅರ್ಥ ಹೊಳೆಯಲಿಲ್ಲವೆಂಬುದು ಎದ್ದು ಕಾಣುತ್ತದೆ. ಕೂಗಿದ ಪ್ರಾಣಿ ಯಾವುದು, ಆಗ ಅದರ ಸುತ್ತ ಯಾರಿದ್ದರು, ಕೂಗಿದ ಮೇಲೆ ಏನು ನಡೆಯಿತು ಎಂಬುದನ್ನು ವರ್ಷಗಟ್ಟಲೆ ಬರೆದಿಟ್ಟುಕೊಂಡ ಕಡೆಗಳಲ್ಲಿ ಮಾತ್ರ ಕರೆಗಳ ತಾತ್ಪರ್ಯ ಅಷ್ಟಿಷ್ಟು ತಿಳಿದುಬಂದಿದೆ.

ಕಡಲ ಸಸ್ತನಿಗಳಿಗೆ ದನಿಯುಂಟೆಂಬುದು ಹಳೆಯ ತಿಳಿವಳಿಕೆ. ನೀರಿನಿಂದ ಹೊರತೆಗೆದ ಡಾಲ್ಫಿನ್ ನರಳುವಂತೆ ಸದ್ದು ಮಾಡುತ್ತದೆಂದು ಅರಿಸ್ಟಾಟಲನೇ ತನ್ನ ಪ್ರಾಣಿಶಾಸ್ತ್ರದಲ್ಲಿ ಬರೆದಿದ್ದಾನೆ. ಉತ್ತರದ ಹಿಮಗಡಲುಗಳಲ್ಲಿ ಬೇಟೆಗಿಳಿದ ನಾವಿಕರು ಬಿಳಿಯ ಮೈಬಣ್ಣದ ಬೆಲೂಗಾ ತಿಮಿಂಗಿಲದ ಚಿಲಿಪಿಲಿಯನ್ನು ಹಡಗಿನ ತಳದ ಮೂಲಕವೇ ಕೇಳಿ ಅದನ್ನು ಕಡಲಿನ ಕ್ಯಾನರಿ ಹಕ್ಕಿಯೆಂದು ಕರೆದರು. ಸ್ಪರ್ಮ್ ತಿಮಿಂಗಿಲಗಳ ಟಕಟಕ ಸದ್ದು ಹಲಗೆಗೆ ಮೊಳೆ ಹೊಡೆದಂತೆ ಕೇಳುತ್ತಿದ್ದುದರಿಂದ ಅವಕ್ಕೆ ಬಡಗಿ ಮೀನೆಂಬ ಹೆಸರೂ ಹಡಗಿನವರ ಬಾಯಲ್ಲಿತ್ತು. ಆದರೆ ನೀರಿನೊಳಗಿನ ಸದ್ದಿನ ಬಹುಪಾಲು ನೀರು ಮತ್ತು ಗಾಳಿ ಸೇರುವ ಮೇಲ್ಮೈಗೆ ಬಡಿದು ಹಿಂದಿರುಗುವುದರಿಂದ, ಹಡಗಿನ ಅಟ್ಟದ ಮೇಲೆ ನಿಂತವರಿಗೆ ಕೇಳಿದ್ದು ಅತ್ಯಲ್ಪ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರಿನಂತೆ, ಅಂದರೆ ಗಾಳಿಯಲ್ಲಿ ಚಲಿಸುವುದಕ್ಕಿಂತ ನಾಲ್ಕು ಪಟ್ಟಿಗೂ ಮಿಗಿಲಾದ ವೇಗದಲ್ಲಿ ಸಾಗುತ್ತದೆ. ಬೆಳಕು ಕೆಲವು ನೂರು ಮೀಟರಿನೊಳಗೆ ಅಡಗಿಹೋಗುವ ಕಡಲಿನಲ್ಲಿ ದೂರದ ಸಂಪರ್ಕಕ್ಕೆ ಉಳಿಯುವ ಸಾಧನ ದನಿಯೊಂದೇ.

ಆ ಲೋಕಕ್ಕೆ ಕಿವಿ ತೆರೆದದ್ದು ಯುದ್ಧ. ಮೊದಲ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಹೈಡ್ರೋಫೋನ್, ಅಂದರೆ ನೀರಿನೊಳಗಿನ ಒತ್ತಡದ ಅಲೆಗಳನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಧ್ವನಿಗ್ರಾಹಕ, ವ್ಯಾಪಕವಾಗಿ ಬಳಕೆಗೆ ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಾರಿಸ್ ಯೂಯಿಂಗ್ ಮತ್ತು ಜೆ. ಲಾಮಾರ್ ವೊರ್ಜೆಲ್ ಎಂಬ ಅಮೆರಿಕದ ಭೂಭೌತ ವಿಜ್ಞಾನಿಗಳು ಕಡಲಿನೊಳಗೆ ಸದ್ದಿಗೊಂದು ಸಹಜವಾದ ಕಾಲುವೆಯಿದೆಯೆಂದು ಪ್ರಯೋಗದಿಂದ ತೋರಿಸಿದರು. ಮೇಲಿನಿಂದ ಕೆಳಗಿಳಿದಂತೆ ನೀರು ತಣ್ಣಗಾಗುವುದರಿಂದ ಸದ್ದಿನ ವೇಗ ಕುಗ್ಗುತ್ತದೆ, ಇನ್ನೂ ಆಳಕ್ಕೆ ಹೋದಂತೆ ಒತ್ತಡ ಏರುವುದರಿಂದ ಅದು ಮತ್ತೆ ಹೆಚ್ಚುತ್ತದೆ. ವೇಗ ಅತಿ ಕಡಿಮೆಯಿರುವ ನಡುವಣ ಪದರದಲ್ಲಿ, ಸಮಶೀತೋಷ್ಣ ಕಡಲುಗಳಲ್ಲಿ ಸುಮಾರು 1,000 ಮೀಟರ್ ಆಳದಲ್ಲಿ, ಸಿಕ್ಕಿಬಿದ್ದ ಸದ್ದು ಮೇಲಕ್ಕೂ ಕೆಳಕ್ಕೂ ಚೆದುರದೆ ಸಾವಿರಾರು ಕಿಲೋಮೀಟರ್ ಹರಿಯುತ್ತದೆ. ಶೀತಲ ಸಮರದ ದಿನಗಳಲ್ಲಿ, 1950ರ ದಶಕದಿಂದ, ಅಮೆರಿಕದ ನೌಕಾಪಡೆ ಸಾಗರತಳದಲ್ಲಿ ಧ್ವನಿಗ್ರಾಹಕಗಳ ಸಾಲುಗಳನ್ನು ಹಾಸಿ ಸೋವಿಯತ್ ಜಲಾಂತರ್ಗಾಮಿಗಳ ಮೇಲೆ ಕಣ್ಗಾವಲಿಟ್ಟದ್ದು ಈ ತಿಳಿವಳಿಕೆಯ ಬಲದಿಂದಲೇ.

ಆ ಜಾಲದಲ್ಲಿ ಬಿದ್ದ ಸದ್ದುಗಳಲ್ಲಿ ಒಂದು ಕೇಳುಗರನ್ನು ಬಹುಕಾಲ ಕಾಡಿತು. ಸೆಕೆಂಡಿಗೆ ಸುಮಾರು 20 ಕಂಪನಗಳ, ಮನುಷ್ಯನ ಕಿವಿಗೆ ಕೇಳುವುದರ ಅಂಚಿನಲ್ಲಿರುವ ಮಂದ್ರ ಮಿಡಿತವೊಂದು ಗಡಿಯಾರದಷ್ಟು ಕ್ರಮಬದ್ಧವಾಗಿ ಗಂಟೆಗಟ್ಟಲೆ ಮುಂದುವರಿಯುತ್ತಿತ್ತು. ಇಷ್ಟು ನಿಯಮಿತವಾದದ್ದು ಯಂತ್ರವೇ ಆಗಿರಬೇಕು, ಇಲ್ಲವೆ ಕಡಲ ತಳದ ಯಾವುದೋ ಭೌತಿಕ ಕ್ರಿಯೆಯಿರಬೇಕು ಎಂಬ ಊಹೆಗಳೆಲ್ಲ ಮುಗಿದ ಮೇಲೆ, 1964ರಲ್ಲಿ ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆಯ ವಿಲಿಯಂ ಶೆವಿಲ್, ವಿಲಿಯಂ ವಾಟ್ಕಿನ್ಸ್ ಮತ್ತು ರಿಚರ್ಡ್ ಬ್ಯಾಕಸ್ ಅದು ಫಿನ್ ತಿಮಿಂಗಿಲದ ದನಿಯೆಂದು ಪ್ರಕಟಿಸಿದರು. ಇದೇ ಶೆವಿಲ್ ಬಾರ್ಬರಾ ಲಾರೆನ್ಸ್ ಅವರೊಡನೆ ಕ್ವಿಬೆಕ್‌ನ ಸ್ಯಾಗನೆ ನದಿಯಲ್ಲಿ ಬೆಲೂಗಾಗಳ ದನಿಯನ್ನು ಮುದ್ರಿಸಿ 1949ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದ್ದರು. ಕಾಡುಸ್ಥಿತಿಯಲ್ಲಿರುವ ತಿಮಿಂಗಿಲದ ದನಿಯನ್ನು ಗುರುತುಹಿಡಿದು ದಾಖಲಿಸಿದ ಕೆಲಸ ಅಲ್ಲಿಂದ ಆರಂಭ. 1957ರಲ್ಲಿ ಸ್ಪರ್ಮ್ ತಿಮಿಂಗಿಲದ ಸರದಿ ಬಂತು. ಈ ಮೊದಲ ತಲೆಮಾರಿನವರ ಕೆಲಸವೆಲ್ಲ ಯಾವ ಸದ್ದು ಯಾವ ಪ್ರಾಣಿಯದೆಂದು ಚೀಟಿ ಅಂಟಿಸುವುದೇ ಆಗಿತ್ತು. ಈಗ ಅದು ಸಣ್ಣ ಕೆಲಸವೆನಿಸಬಹುದು, ಆದರೆ ಮೈಲಿಗಳಾಚೆ ಮುಳುಗಿರುವ ಪ್ರಾಣಿಯ ಬಾಯಿ ಕಾಣದಿರುವಾಗ ಅದಕ್ಕಿಂತ ಕಠಿಣವಾದದ್ದು ಬೇರೆಯಿರಲಿಲ್ಲ. ಮೇಲಾಗಿ ತಿಮಿಂಗಿಲ ದನಿ ತೆಗೆಯಲು ಬಾಯಿಯನ್ನು ಬಳಸುವುದೂ ಇಲ್ಲ. ಹಲ್ಲುಳ್ಳ ತಿಮಿಂಗಿಲಗಳು ಮೂಗಿನ ನಾಳದಲ್ಲಿರುವ ತುಟಿಯಂಥ ಮಡಿಕೆಗಳಿಂದ ಸದ್ದು ಹೊರಡಿಸುತ್ತವೆ. ಹಲ್ಲಿಲ್ಲದೆ ಜರಡಿಯಂಥ ಬಾಲೀನ್ ಪಟ್ಟಿಗಳಿಂದ ಆಹಾರ ಸೋಸುವ ದೊಡ್ಡ ತಿಮಿಂಗಿಲಗಳು ಗಂಟಲಗೂಡಿನಲ್ಲಿ ಕೊಬ್ಬಿನ ಮೆತ್ತೆಯೊಂದಕ್ಕೆ ಒತ್ತಿ ಕಂಪಿಸುವ ವಿಶಿಷ್ಟ ರಚನೆಯಿಂದ ದನಿ ತೆಗೆಯುತ್ತವೆಂಬುದು 2024ರಷ್ಟು ಈಚೆಗೆ ಪ್ರಯೋಗಾಲಯದಲ್ಲಿ ಸ್ಪಷ್ಟವಾಯಿತು.

ಗೂನುಬೆನ್ನಿನ ತಿಮಿಂಗಿಲದ ಕಥೆ ಬರ್ಮುಡಾ ದ್ವೀಪಕ್ಕೆ ಸೇರಿದ್ದು. ಅಲ್ಲಿನ ಧ್ವನಿ ಸಂಶೋಧನಾ ನೆಲೆಯಲ್ಲಿ ಎಂಜಿನಿಯರಾಗಿದ್ದ ಫ್ರಾಂಕ್ ವಾಟ್ಲಿಂಗ್ಟನ್ ಆಳದ ಧ್ವನಿಗ್ರಾಹಕಗಳ ಮೂಲಕ ಬಂದ ವಿಚಿತ್ರ ದನಿಗಳನ್ನು ವರ್ಷಗಳ ಕಾಲ ಮುದ್ರಿಸಿಟ್ಟಿದ್ದರು, ಮತ್ತು ಬೇಟೆಗಾರರ ಕೈಗೆ ಸಿಕ್ಕರೆ ಅವರು ಅದನ್ನೇ ಬಳಸಿ ತಿಮಿಂಗಿಲಗಳ ಜಾಡು ಹಿಡಿದಾರೆಂಬ ಭಯದಿಂದ ಅವನ್ನು ಹೊರಗೆ ಹೇಳದೆ ಕಾಪಾಡಿದ್ದರು ಎನ್ನುತ್ತಾರೆ. 1960ರ ದಶಕದ ಕೊನೆಯಲ್ಲಿ ಅವರು ಆ ಮುದ್ರಣಗಳನ್ನು ರೋಜರ್ ಪೇಯ್ನ್ ಮತ್ತು ಕೇಟಿ ಪೇಯ್ನ್ ಎಂಬ ಸಂಶೋಧಕ ದಂಪತಿಗೆ ಕೊಟ್ಟರು. ದನಿಯ ಏರಿಳಿತವನ್ನು ಕಾಗದದ ಮೇಲೆ ಗೆರೆಗಳಾಗಿ ಮೂಡಿಸುವ ಸ್ಪೆಕ್ಟ್ರೋಗ್ರಾಫ್ ಎಂಬ ಉಪಕರಣದ ನೆರವಿನಿಂದ ರೋಜರ್ ಪೇಯ್ನ್ ಮತ್ತು ಸ್ಕಾಟ್ ಮೆಕ್‌ವೇ ಕಂಡುಕೊಂಡ ಸಂಗತಿ 1971ರ ಆಗಸ್ಟ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು: ಬಿಡಿ ಸ್ವರಗಳು ಕೂಡಿ ಪದಗುಚ್ಛಗಳಾಗುತ್ತವೆ, ಒಂದೇ ಗುಚ್ಛ ಮರುಕಳಿಸಿ ಒಂದು ವಸ್ತುವಾಗುತ್ತದೆ, ಹಲವು ವಸ್ತುಗಳು ಗೊತ್ತಾದ ಅನುಕ್ರಮದಲ್ಲಿ ಬಂದು ಒಂದು ಹಾಡಾಗುತ್ತದೆ; 7ರಿಂದ 30 ನಿಮಿಷ ಹಿಡಿಯುವ ಆ ಹಾಡನ್ನು ಪ್ರಾಣಿ ನಡುವೆ ನಿಲ್ಲಿಸದೆ ಮೊದಲಿನಿಂದ ಮತ್ತೆ ಹಾಡುತ್ತದೆ. ಹಾಡು ಎಂಬ ಹೆಸರನ್ನು ಅವರು ಕೊಟ್ಟದ್ದು ಮಾಧುರ್ಯಕ್ಕಾಗಿಯಲ್ಲ, ಕ್ರಮಬದ್ಧವಾದ ಈ ಪುನರಾವರ್ತನೆಗಾಗಿ. ಒಂದು ಋತುವಿನಲ್ಲಿ ಒಂದು ಪ್ರದೇಶದ ಹಾಡುಗಾರರೆಲ್ಲ ಹೆಚ್ಚುಕಡಿಮೆ ಒಂದೇ ಹಾಡನ್ನು ಹಾಡುತ್ತಾರೆ, ಆದರೆ ವರ್ಷದಿಂದ ವರ್ಷಕ್ಕೆ ಆ ಹಾಡು ಎಲ್ಲರಲ್ಲೂ ಒಟ್ಟಿಗೆ ಬದಲಾಗುತ್ತಾ ಹೋಗುತ್ತದೆ ಎಂಬುದನ್ನು ಗುರುತಿಸಿದ ಶ್ರೇಯಸ್ಸು ಮುಖ್ಯವಾಗಿ ಕೇಟಿ ಪೇಯ್ನ್ ಅವರದು.

ಶಾಸ್ತ್ರ ಪತ್ರಿಕೆಗಿಂತ ಮೊದಲೇ, 1970ರಲ್ಲಿ, ಈ ದನಿಗಳ ಗ್ರಾಮಫೋನ್ ತಟ್ಟೆ ಮಾರುಕಟ್ಟೆಗೆ ಬಂದಿತ್ತು. 1977ರಲ್ಲಿ ಸೌರಮಂಡಲದ ಹೊರಗೆ ಹೊರಟ ವಾಯೇಜರ್ ನೌಕೆಗಳ ಚಿನ್ನಲೇಪಿತ ತಟ್ಟೆಯಲ್ಲಿ ಹಲವು ಭಾಷೆಗಳ ಶುಭಾಶಯಗಳೊಡನೆ, ಕನ್ನಡವೂ ಅವುಗಳಲ್ಲಿ ಒಂದು, ತಿಮಿಂಗಿಲದ ಹಾಡೂ ಸೇರಿತು. 1979ರ ಜನವರಿಯ ‘ನ್ಯಾಷನಲ್ ಜಿಯೋಗ್ರಾಫಿಕ್’ ಸಂಚಿಕೆ ಪ್ಲಾಸ್ಟಿಕ್ ತಟ್ಟೆಯೊಂದನ್ನು ಒಳಗಿಟ್ಟು ಓದುಗರಿಗೆ ಕಳುಹಿಸಿತು. ಅದರ ಪ್ರತಿಗಳ ಸಂಖ್ಯೆ ಒಂದು ಕೋಟಿ ಐದು ಲಕ್ಷ. ಇತ್ತ ಬೇಟೆಯ ಲೆಕ್ಕ ನೋಡಿದರೆ, ಇಪ್ಪತ್ತನೆಯ ಶತಮಾನದಲ್ಲಿ ಯಾಂತ್ರಿಕ ಬೇಟೆಗೆ ಬಲಿಯಾದ ತಿಮಿಂಗಿಲಗಳು ಸುಮಾರು 29 ಲಕ್ಷ. 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಹತ್ತು ವರ್ಷಗಳ ಬೇಟೆ ವಿರಾಮಕ್ಕೆ ಕರೆಕೊಟ್ಟಿತು, 1982ರಲ್ಲಿ ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗ ವಾಣಿಜ್ಯ ಬೇಟೆಯನ್ನು ತಡೆಹಿಡಿಯಲು 25ಕ್ಕೆ 7 ಮತಗಳಿಂದ ನಿರ್ಧರಿಸಿತು. ಈ ನಿರ್ಧಾರಕ್ಕೆ ಹಾಡೊಂದೇ ಕಾರಣವೆನ್ನುವುದು ಅತಿಶಯೋಕ್ತಿ. ಕೊಲ್ಲಲು ತಿಮಿಂಗಿಲಗಳೇ ವಿರಳವಾಗಿದ್ದವು ಎಂಬುದನ್ನು ಮರೆಯುವಂತಿಲ್ಲ. ಆದರೂ ಜನಾಭಿಪ್ರಾಯವನ್ನು ತಿರುಗಿಸಿದ್ದು, ಏನು ಹೇಳುತ್ತಿದೆಯೆಂದು ಒಬ್ಬರಿಗೂ ತಿಳಿಯದಿದ್ದ ದನಿಯೆಂಬುದು ಗಮನಾರ್ಹ.

ಆ ಹಾಡಿನ ಅರ್ಥ ಇಂದಿಗೂ ಪೂರ್ತಿ ಇತ್ಯರ್ಥವಾಗಿಲ್ಲ. ಹಾಡುವುದು ಗಂಡು, ಹೆಚ್ಚಾಗಿ ಹಾಡುವುದು ಬೆಚ್ಚನೆಯ ನೀರಿನ ಸಂತಾನೋತ್ಪತ್ತಿ ನೆಲೆಗಳಲ್ಲಿ ಎಂಬಷ್ಟು ಖಚಿತ. ಅದು ಹೆಣ್ಣನ್ನು ಸೆಳೆಯುವುದಕ್ಕೋ ಗಂಡುಗಳ ನಡುವಿನ ಸಂಬಂಧವನ್ನು ಹದ್ದುಬಸ್ತಿನಲ್ಲಿಡುವುದಕ್ಕೋ ಎಂಬ ಚರ್ಚೆ ಮುಂದುವರಿದಿದೆ. ಪೀಟರ್ ಟೈಯಾಕ್ 1980ರ ದಶಕದ ಆರಂಭದಲ್ಲಿ ಹವಾಯಿಯ ನೀರಿನಲ್ಲಿ ಹಾಡಿನ ಮುದ್ರಣವನ್ನು ನುಡಿಸಿದಾಗ ತಿಮಿಂಗಿಲಗಳು ಹೆಚ್ಚಾಗಿ ದೂರ ಸರಿದವು, ಗುಂಪಿನ ಒರಟು ಸದ್ದುಗಳನ್ನು ನುಡಿಸಿದಾಗ ಮಾತ್ರ ಧ್ವನಿವರ್ಧಕದ ಕಡೆಗೆ ರಭಸದಿಂದ ಬಂದವು. ಹಾಡು ಕಲಿತು ಬರುವ ಸಂಪ್ರದಾಯವೆಂಬುದಕ್ಕೆ ಬಲವಾದ ಸಾಕ್ಷ್ಯ ಆಸ್ಟ್ರೇಲಿಯಾದ ಪೂರ್ವ ಕರಾವಳಿಯಿಂದ ದೊರೆಯಿತು. 1996ರ ಹೊತ್ತಿಗೆ ಅಲ್ಲಿ ಮುದ್ರಿಸಿದ 82 ಹಾಡುಗಾರರಲ್ಲಿ ಇಬ್ಬರು ಪಶ್ಚಿಮ ಕರಾವಳಿಯ, ಸಂಪೂರ್ಣ ಬೇರೆಯಾದ ಹಾಡನ್ನು ಹಾಡುತ್ತಿದ್ದರು. ಎರಡು ವರ್ಷಗಳೊಳಗೆ ಪೂರ್ವದವರೆಲ್ಲ ತಮ್ಮ ಹಾಡನ್ನು ಬಿಟ್ಟು ಹೊಸದಕ್ಕೆ ಒಲಿದಿದ್ದರೆಂದು ಮೈಕೆಲ್ ನೋಡ್ ಮತ್ತು ಸಂಗಡಿಗರು 2000ದಲ್ಲಿ ವರದಿ ಮಾಡಿದರು. ತಾಯಿ ಮತ್ತು ಮರಿಯ ನಡುವಿನ ಕರೆಗಳು ಇದಕ್ಕೆ ಪೂರ್ತಿ ವಿರುದ್ಧ ಸ್ವಭಾವದವು. ಪಶ್ಚಿಮ ಆಸ್ಟ್ರೇಲಿಯಾದ ಎಕ್ಸ್‌ಮತ್ ಕೊಲ್ಲಿಯಲ್ಲಿ ಮರಿಗಳ ಮೈಗೆ ಅಂಟಿಸಿದ ಉಪಕರಣಗಳಲ್ಲಿ ದಾಖಲಾದ ಆ ಕರೆಗಳು ನೂರು ಮೀಟರ್ ದಾಟದಷ್ಟು ಮೆಲ್ಲಗಿದ್ದವು, ಹಂತಕ ಓರ್ಕಾಗಳ ಕಿವಿ ತಪ್ಪಿಸುವುದೇ ಇದರ ಉದ್ದೇಶವಾಗಿರಬೇಕು.

ಕರೆಯೊಂದರ ಅರ್ಥವನ್ನು ಪ್ರಯೋಗದಿಂದಲೇ ಸಾಧಿಸಿದ ಅತಿ ಸರಳ ಉದಾಹರಣೆ ಅರ್ಜೆಂಟೀನಾದ ವಾಲ್ಡೆಸ್ ಪರ್ಯಾಯ ದ್ವೀಪದ ಸ್ಯಾನ್ ಹೋಸೆ ಕೊಲ್ಲಿಯದು. ದಕ್ಷಿಣದ ರೈಟ್ ತಿಮಿಂಗಿಲಗಳು ಅಲ್ಲಿ ದಡದ ಬಂಡೆಗಳ ಮೇಲಿಂದಲೇ ಕಾಣುವಷ್ಟು ಹತ್ತಿರ ಬರುವುದರಿಂದ ಯಾರು ಕೂಗಿದರು, ಯಾರು ಯಾವ ಕಡೆಗೆ ಈಜಿದರು ಎಂಬುದನ್ನು ಗುರುತು ಹಾಕಿಕೊಳ್ಳಬಹುದಾಗಿತ್ತು. ಕ್ರಿಸ್ಟೋಫರ್ ಕ್ಲಾರ್ಕ್ ಮತ್ತು ಜೇನ್ ಕ್ಲಾರ್ಕ್ ಅವುಗಳದೇ ದನಿಯನ್ನು ನೀರಿನೊಳಗೆ ನುಡಿಸಿದಾಗ ಅವು ಹತ್ತಿರ ಬಂದು ಮರುನುಡಿದವು, ಗೂನುಬೆನ್ನಿನ ತಿಮಿಂಗಿಲದ ದನಿಗಾಗಲಿ ಕೃತಕ ಸ್ವರಕ್ಕಾಗಲಿ ಹಾಗೆ ಓಗೊಡಲಿಲ್ಲ. ಈ ಫಲಿತಾಂಶ 1980ರಲ್ಲಿ ಪ್ರಕಟವಾಯಿತು. ಕೆಳಗಿನ ಸ್ವರದಿಂದ ಸುಮಾರು ಒಂದು ಸೆಕೆಂಡಿನಲ್ಲಿ ಮೇಲೇರುವ ಕರೆಯೊಂದು ಬೇರ್ಪಟ್ಟವರು ಮತ್ತೆ ಸೇರಿಕೊಳ್ಳಲು ಬಳಸುವ ಸಂಪರ್ಕದ ಕರೆಯೆಂದು, ಕೂಡಿಕೊಂಡ ಮೇಲೆ ಅದು ನಿಂತುಹೋಗುತ್ತದೆಂದು ಕ್ರಿಸ್ಟೋಫರ್ ಕ್ಲಾರ್ಕ್ ಮುಂದೆ ವಿವರಿಸಿದರು. ಇಂದು 400ಕ್ಕಿಂತ ಕಡಿಮೆ ಉಳಿದಿರುವ ಉತ್ತರ ಅಟ್ಲಾಂಟಿಕದ ರೈಟ್ ತಿಮಿಂಗಿಲಗಳ ಇದೇ ಏರುಕರೆಯನ್ನು ಬೋಸ್ಟನ್ ಬಂದರಿನ ಹಡಗು ದಾರಿಯಲ್ಲಿ ತೇಲುವ ಯಂತ್ರಗಳು ಹಿಡಿದು, ಹಡಗುಗಳು ವೇಗ ತಗ್ಗಿಸುವಂತೆ ಎಚ್ಚರಿಸುವ ವ್ಯವಸ್ಥೆ 2008ರಿಂದ ಬಳಕೆಗೆ ಬಂದಿದೆ. ಒಂದು ಕರೆಯ ಅರ್ಥ ತಿಳಿದದ್ದರಿಂದ ನೇರವಾಗಿ ಹುಟ್ಟಿದ ಪ್ರಯೋಜನವೆಂದರೆ ಇದು.

ಓರ್ಕಾಗಳ ವಿಷಯದಲ್ಲಿ ಗುರುತಿನ ಪಟ್ಟಿ ಮೊದಲು ಬಂತು, ಧ್ವನಿಮುದ್ರಣ ಆಮೇಲೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೈಕೆಲ್ ಬಿಗ್ 1970ರ ದಶಕದಲ್ಲಿ ಬೆನ್ನಿನ ಈಜುರೆಕ್ಕೆಯ ಗಾಯ, ಕಚ್ಚು ಮತ್ತು ಅದರ ಹಿಂದಿನ ಬೂದುಪಟ್ಟೆಗಳ ಚಿತ್ರದಿಂದ ಪ್ರತಿಯೊಂದು ಪ್ರಾಣಿಯನ್ನೂ ಗುರುತಿಸುವ ಪದ್ಧತಿ ಬೆಳೆಸಿದರು. ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಜಾನ್ ಫೋರ್ಡ್ ದನಿಗಳನ್ನು ಮುದ್ರಿಸಿದರು. ಮೀನು ತಿನ್ನುವ ಅಲ್ಲಿನ ಓರ್ಕಾಗಳಲ್ಲಿ ಮಗನೂ ಮಗಳೂ ಬದುಕಿಡೀ ತಾಯಿಯ ಬಳಗದಲ್ಲೇ ಉಳಿಯುತ್ತಾರೆ, ಪ್ರತಿ ಬಳಗಕ್ಕೂ 7ರಿಂದ 17 ಬಗೆಯ ನಿಶ್ಚಿತ ಕರೆಗಳ ಸ್ವಂತ ಉಪಭಾಷೆಯಿರುತ್ತದೆ. ಒಂದು ಕರೆಗೆ ಒಂದು ಕೆಲಸವೆಂಬ ನಿರೀಕ್ಷೆ ಇಲ್ಲಿ ಸುಳ್ಳಾಯಿತು: ಬೇಟೆಯಲ್ಲೂ ಪ್ರಯಾಣದಲ್ಲೂ ಆಟದಲ್ಲೂ ಅವೇ ಕರೆಗಳು ಬರುತ್ತಿದ್ದವು. ಅಂದರೆ ಆ ಕರೆಗಳು ಮುಖ್ಯವಾಗಿ ತಿಳಿಸುವುದು ಏನು ನಡೆಯುತ್ತಿದೆ ಎಂಬುದನ್ನಲ್ಲ, ಕೂಗುತ್ತಿರುವವರು ಯಾವ ಮನೆತನದವರು ಎಂಬುದನ್ನು. ಸಂತಾನದ ಅನುವಂಶೀಯ ಪರೀಕ್ಷೆಗಳೂ ಕೂಡುವಿಕೆ ಬೇರೆ ಉಪಭಾಷೆಯ ಬಳಗದವರೊಡನೆ ನಡೆಯುತ್ತದೆಂದು ತೋರಿಸಿದ್ದರಿಂದ ದನಿಯ ಗುರುತು ಒಳಸಂಬಂಧವನ್ನು ತಪ್ಪಿಸಲು ನೆರವಾಗುತ್ತಿರಬೇಕು. ಅದೇ ನೀರಿನಲ್ಲಿ ಸೀಲ್‌ಗಳನ್ನು ಬೇಟೆಯಾಡುವ ಇನ್ನೊಂದು ಬಗೆಯ ಓರ್ಕಾಗಳು ಬೇಟೆಯ ವೇಳೆ ಬಹುತೇಕ ಮೌನವಾಗಿರುತ್ತವೆ, ಏಕೆಂದರೆ ಸೀಲ್‌ಗಳ ಕಿವಿ ಚುರುಕು.

ಸ್ಪರ್ಮ್ ತಿಮಿಂಗಿಲದ ದನಿಯಲ್ಲಿ ಸ್ವರವೇ ಇಲ್ಲ, ಇರುವುದೆಲ್ಲ ಬಡಿತ. ಆಳಕ್ಕೆ ಮುಳುಗಿದಾಗ ಅರ್ಧದಿಂದ ಒಂದು ಸೆಕೆಂಡಿಗೊಮ್ಮೆ ಬರುವ ಬಲವಾದ ಬಡಿತಗಳು ಮರುದನಿಯಿಂದ ಬೇಟೆಯನ್ನು ಹುಡುಕುವ ಸಾಧನ. ಸ್ಕ್ವಿಡ್ ಹತ್ತಿರವಾದಂತೆ ಬಡಿತಗಳು ದಟ್ಟವಾಗಿ ಕೀಲು ಕಿರುಗುಟ್ಟಿದಂತೆ ಕೇಳುತ್ತವೆ. ಬೆಳೆದ ಗಂಡು ಮಾತ್ರ ನಿಧಾನವಾದ, ಗಂಟೆ ಬಾರಿಸಿದಂಥ ಬಡಿತವನ್ನು ಹೊರಡಿಸುತ್ತದೆ. ಮೇಲೆ ಬಂದು ಒಟ್ಟುಗೂಡಿದಾಗ ಹೆಣ್ಣುಗಳೂ ಮರಿಗಳೂ ಬದಲಾಯಿಸಿಕೊಳ್ಳುವ ಪುಟ್ಟ ಬಡಿತಗುಚ್ಛಗಳಿಗೆ ವಾಟ್ಕಿನ್ಸ್ ಮತ್ತು ಶೆವಿಲ್ 1977ರಲ್ಲಿ ಕೋಡಾ ಎಂದು ಹೆಸರಿಟ್ಟರು. ಹಾಲ್ ವೈಟ್‌ಹೆಡ್, ಲಿಂಡಾ ವೈಲ್ಗಾರ್ಟ್ ಮತ್ತು ಲ್ಯೂಕ್ ರೆಂಡೆಲ್ ಪೆಸಿಫಿಕ್ ಸಾಗರದಲ್ಲಿ ನಡೆಸಿದ ಅಧ್ಯಯನಗಳು 2003ರ ವೇಳೆಗೆ ಒಂದು ಆಶ್ಚರ್ಯವನ್ನು ಹೊರಗಿಟ್ಟವು: ಒಂದೇ ನೀರಿನಲ್ಲಿ ಓಡಾಡುವ ಹೆಣ್ಣುಗಳು ಕೋಡಾಗಳ ಆಧಾರದ ಮೇಲೆ ಕುಲಗಳಾಗಿ ಬೇರ್ಪಟ್ಟಿವೆ, ತಮ್ಮ ಕುಲದವರೊಡನೆ ಮಾತ್ರ ಗುಂಪುಗೂಡುತ್ತವೆ. ಗಲಾಪಗಸ್ ಬಳಿಯ ಒಂದು ಕುಲ ಸಮಾನ ಅಂತರದ ಬಡಿತಗಳನ್ನು ಬಳಸಿದರೆ ಇನ್ನೊಂದು ಕೊನೆಯ ಬಡಿತಕ್ಕೆ ಮುನ್ನ ತುಸು ತಡೆಯುತ್ತದೆ.

ಕೆರಿಬಿಯನ್‌ನ ಡೊಮಿನಿಕಾ ದ್ವೀಪದ ಬಳಿ ಶೇನ್ ಗೆರೊ 2005ರಿಂದ ನಡೆಸುತ್ತಿರುವ ಕೆಲಸದ ಬೆಲೆ ಅರಿವಾಗುವುದು ಇಲ್ಲಿ. ಅಲ್ಲಿನ ಕುಟುಂಬಗಳ ಅಜ್ಜಿ, ತಾಯಿ, ಮರಿಗಳನ್ನು ಒಬ್ಬೊಬ್ಬರಾಗಿ ಬಲ್ಲವರಾದ್ದರಿಂದ, ಎರಡು ಬಿಡಿ ಬಡಿತಗಳ ಬೆನ್ನಿಗೆ ಮೂರು ಒತ್ತೊತ್ತಾಗಿ ಬರುವ ಕೋಡಾ ಇಡೀ ಪೂರ್ವ ಕೆರಿಬಿಯನ್ ಕುಲದ ಗುರುತೆಂದೂ, ಬೇರೆ ಕೆಲವು ಕೋಡಾಗಳು ಕುಟುಂಬವನ್ನೋ ವ್ಯಕ್ತಿಯನ್ನೋ ಸೂಚಿಸುತ್ತವೆಂದೂ ಅವರ ತಂಡ ಹೇಳಲು ಶಕ್ತವಾಯಿತು. 2024ರಲ್ಲಿ ಆ ಸಂಗ್ರಹದ 8,719 ಕೋಡಾಗಳನ್ನು ಗಣಕಯಂತ್ರದಿಂದ ವಿಶ್ಲೇಷಿಸಿದವರು ಲಯ, ವೇಗ ಎಂಬ ಮೂಲ ಅಂಶಗಳ ಜೊತೆಗೆ ಇನ್ನೆರಡನ್ನು ಗುರುತಿಸಿದರು. ಒಂದು, ಹಾಡುಗಾರನ ಎಳೆತಕ್ಕೆ ಮೃದಂಗದವನು ಕಾಲವನ್ನು ತುಸು ಹಿಗ್ಗಿಸಿ ಕುಗ್ಗಿಸಿ ಹೊಂದಿಕೊಳ್ಳುವಂತೆ ಜೊತೆಯ ತಿಮಿಂಗಿಲ ಗುಚ್ಛದ ಅವಧಿಯನ್ನು ಬದಲಿಸುವುದು. ಇನ್ನೊಂದು, ಕೊನೆಗೆ ಒಂದು ಹೆಚ್ಚುವರಿ ಬಡಿತವನ್ನು ಅಲಂಕಾರದಂತೆ ಸೇರಿಸುವುದು. ಪತ್ರಿಕೆಗಳು ಇದನ್ನು ತಿಮಿಂಗಿಲಗಳ ವರ್ಣಮಾಲೆಯೆಂದು ಬಣ್ಣಿಸಿದವು. ಅಂಶಗಳು ಹೇಗೆ ಜೋಡಣೆಯಾಗುತ್ತವೆಂಬುದು ತಿಳಿದಿದೆ, ಜೋಡಣೆಯೊಂದು ಏನನ್ನು ಹೇಳುತ್ತದೆಂಬುದು ತಿಳಿದಿಲ್ಲ. ಆದ್ದರಿಂದ ಆ ಬಣ್ಣನೆಯನ್ನು ಸದ್ಯಕ್ಕೆ ಉತ್ಸಾಹದ ಮಾತೆಂದೇ ಎಣಿಸಬೇಕು.

ಶೀತಲ ಸಮರ ಮುಗಿದ ಮೇಲೆ ನೌಕಾಪಡೆಯ ಜಾಲವೂ ವಿಜ್ಞಾನಿಗಳಿಗೆ ತೆರೆಯಿತು, 1990ರ ದಶಕದ ಆರಂಭದಲ್ಲಿ ಕ್ರಿಸ್ಟೋಫರ್ ಕ್ಲಾರ್ಕ್ ಅದರ ನೆರವಿನಿಂದ ಅಟ್ಲಾಂಟಿಕದ ಒಂಟಿ ನೀಲಿ ತಿಮಿಂಗಿಲವನ್ನು ಅದರ ದನಿಯಿಂದಲೇ 43 ದಿನ ಹಿಂಬಾಲಿಸಿದರು. ಆದರೆ ಹಡಗುಗಳ ಎಂಜಿನ್ ಮತ್ತು ಚಾಲಕ ರೆಕ್ಕೆಗಳ ಮೊರೆತ ಅದೇ ಮಂದ್ರ ಸ್ತರವನ್ನು ಆಕ್ರಮಿಸಿರುವುದರಿಂದ ಕೇಳುವ ವ್ಯಾಪ್ತಿ ಕುಗ್ಗುತ್ತಿದೆ. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಕೆಲದಿನ ಹಡಗುಗಳ ಸಂಚಾರ ಇಳಿದಾಗ ಕೆನಡಾದ ಫಂಡಿ ಕೊಲ್ಲಿಯಲ್ಲಿ ಸದ್ದು 6 ಡೆಸಿಬೆಲ್ ಇಳಿದಿತ್ತು, ಅಲ್ಲಿನ ರೈಟ್ ತಿಮಿಂಗಿಲಗಳ ಮಲದಲ್ಲಿ ಒತ್ತಡವನ್ನು ಸೂಚಿಸುವ ಹಾರ್ಮೋನಿನ ಅಂಶವೂ ಕಡಿಮೆಯಾಗಿತ್ತೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ.

ಹಿಂದೂ ಮಹಾಸಾಗರಕ್ಕೆ ಆಲಿಸುವ ಈ ಕಸುಬು ತಡವಾಗಿ ಬಂತು. 1979ರಲ್ಲಿ ಇಡೀ ಸಾಗರವನ್ನು ತಿಮಿಂಗಿಲ ಆಯೋಗ ಅಭಯಧಾಮವೆಂದು ಘೋಷಿಸಿದ ಬಳಿಕ ಶ್ರೀಲಂಕಾದ ಟ್ರಿಂಕೋಮಲಿಯ ಬಳಿ 1984ರಲ್ಲಿ ನೀಲಿ ತಿಮಿಂಗಿಲದ ದನಿ ಮುದ್ರಣಗೊಂಡಿತು. ಲೋಕದ ಬೇರೆ ನೀಲಿ ತಿಮಿಂಗಿಲಗಳ ಹಾಡಿಗಿಂತ ಅದು ಸ್ಪಷ್ಟವಾಗಿ ಬೇರೆ. ಅದೇ ಬಗೆಯ ಹಾಡನ್ನು ದಿವ್ಯಾ ಪಣಿಕ್ಕರ್ ಮತ್ತು ಕ್ಯಾಥ್ಲೀನ್ ಸ್ಟಾಫರ್ಡ್ ಲಕ್ಷದ್ವೀಪದ ಕವರಟ್ಟಿಯ ನೀರಿನಲ್ಲಿ ದಾಖಲಿಸಿ 2021ರಲ್ಲಿ ಪ್ರಕಟಿಸಿದರು. ಲಕ್ಷದ್ವೀಪದ ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವಾದ್ದರಿಂದ ಇದು ಕನ್ನಡ ಕರಾವಳಿಗೆ ದೂರದ ಸುದ್ದಿಯೇನಲ್ಲ. ಅರಬ್ಬಿ ಸಮುದ್ರದಲ್ಲಿ ವರ್ಷವಿಡೀ ಉಳಿಯುವ, ಧ್ರುವದ ಕಡೆಗೆ ವಲಸೆ ಹೋಗದ ಗೂನುಬೆನ್ನಿನ ತಿಮಿಂಗಿಲಗಳ ಗುಂಪೊಂದಿದೆ. ದಕ್ಷಿಣ ಹಿಂದೂ ಮಹಾಸಾಗರದವರಿಗಿಂತ ಭಿನ್ನವಾದ ಹಾಡು ಅದರದು. 1960ರ ದಶಕದ ಮಧ್ಯದಲ್ಲಿ ಸೋವಿಯತ್ ಬೇಟೆ ಹಡಗುಗಳು ನಿಯಮ ಮೀರಿ ಓಮಾನ್, ಪಾಕಿಸ್ತಾನ ಮತ್ತು ಭಾರತದ ಕರಾವಳಿಗಳ ಬಳಿ ಈ ಗುಂಪಿನ ಸುಮಾರು 240 ಪ್ರಾಣಿಗಳನ್ನು ಕೊಂದವು. ಉಳಿದವುಗಳ ಬಗ್ಗೆ ಓಮಾನ್ ಕರಾವಳಿಯ ಚಿತ್ರಗಳ ಆಧಾರದಿಂದ ಮಾಡಿದ ಅಂದಾಜಿನಲ್ಲಿ ಸಿಕ್ಕ ಸಂಖ್ಯೆ 82. ಬಾಲದ ಅಡಿಭಾಗದ ಕಪ್ಪುಬಿಳುಪು ವಿನ್ಯಾಸ ಪ್ರತಿ ಪ್ರಾಣಿಗೂ ಬೇರೆಯಾಗಿರುವುದರಿಂದ ಅದೊಂದು ಚಿತ್ರ ಸಾಕು ಗುರುತಿಗೆ. ಮಲ್ಪೆ, ಗಂಗೊಳ್ಳಿ, ಕಾರವಾರಗಳಿಂದ ಆಳಸಮುದ್ರಕ್ಕೆ ಹೋಗುವ ದೋಣಿಯವರು ತಿಮಿಂಗಿಲ ಕಂಡಾಗ ಬಾಲದ ಚಿತ್ರ ತೆಗೆದು, ದಿನಾಂಕ ಮತ್ತು ಸ್ಥಳವನ್ನು ಬರೆದು ಅರಣ್ಯ ಇಲಾಖೆಗೋ ಸಮುದ್ರ ಸಂಶೋಧಕರಿಗೋ ತಲುಪಿಸಲಿ. ಕೂಗುವವರು ಯಾರೆಂಬ ಪಟ್ಟಿ ಈ ಕಡಲಿಗೂ ಬೇಕಾಗಿದೆ.